ಪಡಿಯಚ್ಚು

ಅಕ್ಟೋಬರಿನ ಮೊದಲ ಶನಿವಾರ ಸೈಮಿ ಬಂದಳು.
ಬೂಟಿನ ಕೆಸರನ್ನು ಬಾಗಿಲಲ್ಲೇ ಒದರಿ
ಕಾಫಿ ಡಬ್ಬಿಯೊಂದನ್ನು ಕೌಂಟರಿನ ಮೇಲೆ ಸುರಿದಳು.
ನಲವತ್ತೊಂದು ಖಾಲಿ ತೋಟೆ,
ಸುಟ್ಟ ಬಾಯಿ, ಮಸಿ ಹಿಡಿದ ಕೊರಳು.
ಒಂದು ಉರುಳಿ ತಕ್ಕಡಿಯ ಕೆಳಗೆ ಹೋಯಿತು.
ತೆಗೆಯಲು ಬಗ್ಗಿದಾಗ ನನ್ನ ಮಂಡಿ ಲಟಕ್ಕೆಂದಿತು.
ಅವಳು ನಗಲಿಲ್ಲ.

"ಅಚ್ಚು ಬೇಕು. ತೋಟೆ ತುಂಬುವುದು ಇದೇ ಮೊದಲು.
ಯಾವುದು ಕೊಳ್ಳಲಿ?"

ಕೈನೂ ಸೀಮೆಯ ಈ ಮೂಲೆಯಲ್ಲಿ
ಇಪ್ಪತ್ತೆಂಟು ವರ್ಷ ಅಂಗಡಿ ನಡೆಸಿದವನಿಗೆ
ಪ್ರಶ್ನೆ ಹೊಸದಲ್ಲ.
ಹೊಸಬರು ಬೆಲೆ ನೋಡುತ್ತಾರೆ, ಇಲ್ಲವೇ ಡಬ್ಬಿಯ ಬಣ್ಣ.
ಮೈಕ್ರೋಮೀಟರ್ ಕೂರಿಸಿದ ದುಬಾರಿ ಅಚ್ಚು ಗಾಜಿನ ಹಿಂದಿದೆ,
ನೆಂಟರಿಗೆಂದು ಎತ್ತಿಟ್ಟ ಬೆಳ್ಳಿ ಚಮಚದ ಹಾಗೆ.
ಅದು ನಿನಗೆ ಬೇಡ, ಅಂದೆ.
ಎರಡರ ಜೋಡಿ ಸಾಕು:
ಒಂದು ಹಿತ್ತಾಳೆಯ ಮೈ ತಿದ್ದುತ್ತದೆ,
ಇನ್ನೊಂದು ಗುಂಡನ್ನು ಕೊರಳಲ್ಲಿ ಕೂರಿಸುತ್ತದೆ.

"ಕೊರಳಷ್ಟೇ ತಿದ್ದುವ ಅಚ್ಚು ತಗೋ ಅಂದ ಚಿಕ್ಕಪ್ಪ.
ಹಿತ್ತಾಳೆ ಹೆಚ್ಚು ಕಾಲ ಬಾಳುತ್ತಂತೆ."

ಚಿಕ್ಕಪ್ಪ ಹೇಳಿದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.
ನೋಡು, ಗುಂಡು ಹಾರುವ ಆ ಗಳಿಗೆ
ತೋಟೆ ಉಬ್ಬುತ್ತದೆ, ಕೋವಿಯ ಗೂಡಿನ ಗೋಡೆಗೆ ಮೈ ಒತ್ತುತ್ತದೆ,
ಅಲ್ಲಿನ ಉಬ್ಬು ತಗ್ಗನ್ನೆಲ್ಲ
ಒಂದೇ ಏಟಿಗೆ ಬಾಯಿಪಾಠ ಮಾಡಿ ಹೊರಬರುತ್ತದೆ.
ಹಳೆಯ ಬೂಟು ಪಾದವನ್ನು ಬಲ್ಲ ಹಾಗೆ.
ಕೊರಳಷ್ಟೇ ತಿದ್ದಿದರೆ ಮೈ ಹಾಗೇ ಉಳಿಯುತ್ತದೆ.
ಮತ್ತೆ ಅದೇ ಕೋವಿಗೆ ಹೊಂದುತ್ತದೆ,
ಅದೊಂದಕ್ಕೇ.

ಇವು ಯಾವ ಕೋವಿಯವು?

ಮಾತಿಗೆ ಮುಂಚೆ ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದುಕೊಂಡಳು.
ಅದೇ ಹುಬ್ಬು. ಅದೇ ಉಸಿರು.
ಆಗ ನನಗೆ ಗೊತ್ತಾಯಿತು,
ಗೊತ್ತಾದ ಮೇಲೂ ಉತ್ತರಕ್ಕೆ ಕಾದೆ, ಅಂಗಡಿಯವನ ಚಟ.

"ಅಪ್ಪನದು."

ದೋಣಿ ಮಗುಚಿದ್ದು ಹೋದ ವರ್ಷ ಇದೇ ತಿಂಗಳು.
ತಾರ್ಮೊನನ್ನು ಮೂರನೆಯ ದಿನ ಮೇಲೆ ತಂದರು,
ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ.
ಕೋವಿಯನ್ನು ಯಾರೂ ಹುಡುಕಲಿಲ್ಲ.
ಸರೋವರದ ತಳದಲ್ಲಿ ಎಲ್ಲೋ
ಒಂದು ಗೂಡು ತುಕ್ಕು ಹಿಡಿಯುತ್ತಿದೆ,
ಅದರ ಅಳತೆ ಉಳಿದಿರುವುದು
ಈ ಕೌಂಟರಿನ ಮೇಲೆ, ನಲವತ್ತೊಂದು ಪ್ರತಿ.

"ನನ್ನ ಕೋವಿ ಹೊಸದು. ಪರವಾನಗಿ ಬಂದು ಹನ್ನೊಂದು ದಿನ."

ಹಾಗಾದರೆ ಪೂರ್ತಿ ಮೈ ತಿದ್ದುವ ಅಚ್ಚೇ ಬೇಕು, ಅಂದೆ,
ದನಿ ಎಷ್ಟು ಸಾಧ್ಯವೋ ಅಷ್ಟು ಸಪ್ಪಗೆ ಇಟ್ಟು.
ಇಲ್ಲದಿದ್ದರೆ ಬೋಲ್ಟು ಮುಚ್ಚುವುದಿಲ್ಲ.
ಭುಜ ಹಿಂದೆ ಸರಿಯುತ್ತದೆ, ಸೊಂಟ ಕುಗ್ಗುತ್ತದೆ,
ಕಾರ್ಖಾನೆ ಬಿಟ್ಟ ದಿನದ ಮೈ ಬರುತ್ತದೆ.
ಎಣ್ಣೆ ತೆಳ್ಳಗೆ ಸವರು, ಭುಜಕ್ಕೆ ಬೇಡ.
ಮರೆತರೆ ಒಳಗೇ ಕಚ್ಚಿಕೊಳ್ಳುತ್ತದೆ.
ಮದ್ದಿನ ಅಳತೆ ನನ್ನನ್ನಲ್ಲ, ಕೈಪಿಡಿಯನ್ನು ಕೇಳು.
ಹೊಸ ಹಿತ್ತಾಳೆಯೂ ಇದೆ, ಬೇಕಿದ್ದರೆ.

"ಬೇಡ," ಅಂದಳು.
ಒಂದೊಂದಾಗಿ ಡಬ್ಬಿಗೆ ತುಂಬಿಕೊಂಡಳು,
ತಕ್ಕಡಿಯ ಕೆಳಗಿನದನ್ನೂ ನೆನಪಿಟ್ಟು ಕೇಳಿ.

ಮಂಗಳವಾರ ಮತ್ತೆ ಬಂದಳು.
ಅಂಗೈಯಲ್ಲಿ ಅಚ್ಚು, ಅದರೊಳಗೆ
ಕಚ್ಚಿ ಹಿಡಿದ ತೋಟೆ, ಬುಡ ಮಾತ್ರ ಹೊರಗೆ.
ನಲವತ್ತು ಸರಿಯಾದವು, ಇದೊಂದು ಹೀಗಾಯಿತು, ಅಂದಳು.
ಎಣ್ಣೆ ಹಾಕಿದ್ದೆಯಾ?
"ಹಾಕಿದ್ದೆ."
ಬೆರಳಿಟ್ಟು ನೋಡಿದೆ. ಒಣ ಹಿತ್ತಾಳೆ,
ಚಳಿಗಾಲದ ತುಟಿಯಷ್ಟು ಒಣಗಿದ್ದು.
ನಾನೇನೂ ಅನ್ನಲಿಲ್ಲ.

ಇಕ್ಕಳಕ್ಕೆ ಸಿಕ್ಕಿಸಿ, ಬುಡಕ್ಕೆ ತೂತು ಕೊರೆದು,
ಸ್ಕ್ರೂ ತಿರುಗಿಸಿ ಎಳೆದೆ.
ಕಿರುಗುಟ್ಟಿ, ಕೊನೆಗೆ ಟಪ್ಪೆಂದು ಬಂತು.
ಗೀರು ಬಿದ್ದದ್ದು, ತೂತಾದದ್ದು, ಇನ್ನು ಯಾವ ಕೋವಿಗೂ ಆಗದ್ದು.
ಅದನ್ನವಳು ಕೋಟಿನ ಒಳಜೇಬಿಗೆ ಹಾಕಿಕೊಂಡಳು.

ಕೂಲಿ ಹನ್ನೆರಡು ಯೂರೋ, ಅಂದೆ.
ತಾರ್ಮೊ ಆಗಿದ್ದರೆ ಎಣಿಸಿ ಇಟ್ಟು ಹೋಗುತ್ತಿದ್ದ.
ಇವಳು ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದು,
ಹತ್ತಕ್ಕೆ ಇಳಿಸಿದಳು.