ಹುಳಕ್ಕೆ ಹತ್ತು ರೂಪಾಯಿ

ಸಾಗರದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ
ಸೆರಫಿನಾ ಬಾಯಿಯ ಮೇಜು.
ಮೈದಾ ಅಂಟು ಕುದಿಸುವಾಗ
ಚಿಟಿಕೆ ಮೈಲುತುತ್ತ ಹಾಕುತ್ತಾಳೆ,
ಜಿರಲೆ ಮುಟ್ಟಬಾರದು, ಬೂಸ್ಟು ಹಿಡಿಯಬಾರದು.
ಜುಲೈಯಲ್ಲಿ ಅಂಟು ಒಣಗುವುದೇ ಇಲ್ಲ.
ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿ
ಹೂಗಳ ಪಕ್ಕ ಸುಮ್ಮನೆ ಇಟ್ಟು ಕಾಯುತ್ತಾಳೆ,
ಜ್ವರದ ಮಗುವಿನ ಬಳಿ ಕೂತ ಹಾಗೆ.

ಡೇರೆ ಹೂ ಕೈಗೆ ಬರಲು
ನನಗೆ ಮೂರು ತಿಂಗಳು ಬೇಕಾಯಿತು.
ಕ್ರೇಪ್ ಕಾಗದ ಎಳೆದರೆ ಹಿಗ್ಗುತ್ತದೆ,
ಜಾಸ್ತಿ ಎಳೆದರೆ ಮತ್ತೆ ಮರಳದು.
ಎಲ್ಲಿ ನಿಲ್ಲಬೇಕೆಂದು ಹೆಬ್ಬೆರಳಿಗೆ ಗೊತ್ತಾಗಬೇಕು.
ಸ್ವೆಟರ್ ಕಡ್ಡಿಗೆ ಸುತ್ತಿ ಒಂದೊಂದೇ ಸುರುಳಿ,
ನಡುವೆ ಇನ್ನೂ ಕಣ್ಣು ಬಿಡದವು,
ಹೊರಗೆ ಅಂಗೈ ಚಾಚಿದವು.
ಐವತ್ತೆರಡು ಎಸಳು ಮುಗಿಸಿ ತೋರಿಸಿದೆ.
ತಿರುಗಿಸಿ ತಿರುಗಿಸಿ ನೋಡಿ
ಕತ್ತರಿಯ ತುದಿಯಿಂದ ಒಂದರ ಅಂಚು ಕಚ್ಚಿದಳು:
"ಹುಳ ತಿನ್ನದ ಡೇರೆ ಎಲ್ಲಿ ನೋಡಿದ್ದಿ ಮಾರಾಯ್ತಿ?"

ರಿಜಿಸ್ಟ್ರಾರ್ ಆಫೀಸಿನ ಮದುವೆಗೆ
ಬೊಕೆ ಒಯ್ದ ಹುಡುಗ ಸಂಜೆ ವಾಪಸ್ ಬಂದ,
ಹರಿದದ್ದು ಕೊಟ್ಟಿದ್ದೀರಿ ಅಂದ.
ಬಾಯಿ ಹತ್ತು ರೂಪಾಯಿ ತೆಗೆದುಕೊಟ್ಟು
ಲೆಕ್ಕದ ಪುಸ್ತಕದಲ್ಲಿ ಬರೆದಳು:
ಖರ್ಚು, ಹುಳಕ್ಕೆ, ಹತ್ತು.
ಮದುಮಗಳು ಮಾತ್ರ, ಬೈಕಿನ ಹಿಂದೆ ಕೂತವಳು,
ಆ ಎಸಳಿನ ಮೇಲಿಂದ ಬೆರಳು ತೆಗೆದಿರಲಿಲ್ಲ.

ಈಚೆಗೆ ಬಾಯಿಯ ಕೈ ನಡುಗುತ್ತದೆ,
ಕತ್ತರಿ ಗೆರೆ ಬಿಟ್ಟು ಓಡುತ್ತದೆ.
ನಾನು ಕಂಡೂ ಕಾಣದಂತೆ
ತಂತಿಗೆ ಹಸಿರು ಟೇಪು ಸುತ್ತುತ್ತಿರುತ್ತೇನೆ.
ನಿನ್ನೆ ಮೇಜಿನ ತುಂಬ ಅಂಚು ಹರಿದ ಎಸಳು.
ಕನ್ನಡಕ ಒರೆಸಿಕೊಂಡು
ಅವಳೇ ಅಂದಳು:
"ಈ ವರ್ಷ ಹುಳ ಜಾಸ್ತಿ."