ಐದು ಸೆಂಟಾವೊ ಬಾಕಿ

ಬಿಳಿ ಗ್ಲೌಸು ತೊಟ್ಟು ಬಂದಿದ್ದಾರೆ
ದಂತವೈದ್ಯ ಕಿಯಾಂಬಾವ್, ನನ್ನ ಹಳೇ ಕಾಮಿಕ್ಸ್ ಮುಟ್ಟಲು.
ಮೂಲೆ ಮಡಿಚಿದ್ದಕ್ಕೆ ಇಷ್ಟು ಕಡಿತ,
ತುಕ್ಕು ಹಿಡಿದ ಪಿನ್ನಿಗೆ ಇಷ್ಟು,
ಮೀನಿನ ಸಾರಿನ ಕಲೆಗೆ ಒಂದು ನಿಟ್ಟುಸಿರು.
ಆಮೇಲೆ ಒಂದೊಂದನ್ನೂ ಪ್ಲಾಸ್ಟಿಕ್ಕಿನೊಳಗೆ ಮಲಗಿಸಿ
ಉಸಿರು ಹೊರದೂಡಿ ಅಂಟು ಹಚ್ಚುತ್ತಾರೆ.
ಇನ್ನು ಯಾರೂ ತೆರೆಯುವಂತಿಲ್ಲ.
ಓದಿದರೆ ಬೆಲೆ ಇಳಿಯುತ್ತದಂತೆ.

ನನ್ನ ಕಾಲದಲ್ಲಿ ಓದಿದರೇ ದುಡ್ಡು.
ಟೊಂಡೊದ ಓಣಿ, ಅಮ್ಮನ ಗೂಡಂಗಡಿ,
ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗಿಸಿದ ಪುಸ್ತಕಗಳು.
ಐದು ಸೆಂಟಾವೊಗೆ ಒಂದು ಓದು,
ಇಲ್ಲೇ, ಈ ಬೆಂಚಿನ ಮೇಲೆ, ಮನೆಗೆ ಒಯ್ಯುವಂತಿಲ್ಲ.
ಒಬ್ಬ ಓದಿದರೆ ಆರು ಜನ ಇಣುಕುತ್ತಿದ್ದರು.
ಇಣುಕಿದ್ದಕ್ಕೆ ಬಾಡಿಗೆ ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ.
ಅಮ್ಮನಿಗೆ ಬರುತ್ತಿತ್ತು.

ಎಲ್ಲರಿಗೂ ಬೇಕಾದವಳು ಉಪ್ಪಿನ ಹೆಂಗಸು.
ಬಿಸಿಲಲ್ಲಿ ಕಲ್ಲು; ನೀರು ತಾಗಿದರೆ ಇಲ್ಲ.
ಇಪ್ಪತ್ತೆರಡನೆಯ ಸಂಚಿಕೆ, ಕೊನೆಯದು:
ಬಿರುಗಾಳಿ, ಮಗುಚುವ ದೋಣಿಗಳು,
ದಡದಲ್ಲಿ ಅವಳು ಒಂದು ಪಾದ ಎತ್ತಿದ್ದಾಳೆ,
ಅಷ್ಟೇ.
ಅದರಾಚೆಯ ಹಾಳೆಯಲ್ಲಿ ಅಮ್ಮ
ಯಾರಿಗೋ ಕಡಲೆಕಾಯಿ ಕಟ್ಟಿಕೊಟ್ಟಿದ್ದಳು.

ಬಾಡಿಗೆ ಇಸಕೊಂಡ ಮೇಲೆ ಕತೆ ಪೂರ್ತಿ ಕೊಡಬೇಕಲ್ಲ,
ಬಾಯಲ್ಲೇ ಹೇಳಿದೆ, ಒಬ್ಬೊಬ್ಬರಿಗೆ ಒಂದೊಂದು.
ಕುದುರೆಗಾಡಿಯವನ ಮಗನಿಗೆ: ಗೆದ್ದಳು.
ಜಪಸರದ ಮುದುಕಿಗೆ: ಸ್ವರ್ಗಕ್ಕೆ ಹೋದಳು.
ಪುಕ್ಕಟೆ ಇಣುಕಿದವರಿಗೆ: ಮುಂದಿನ ವಾರ.

ಅಗಲ ಕಿವಿಯ ಒಬ್ಬ ಹುಡುಗ, ಹೆಸರು ಕೇಳಲಿಲ್ಲ,
ನಾಣ್ಯವೆಂದು ಅಂಗಿಯ ಗುಂಡಿ ಕೊಟ್ಟ.
ನೋಡಿಯೂ ಡಬ್ಬಿಗೆ ಹಾಕಿಕೊಂಡೆ.
ಬರುವಾಗಲೇ ಅತ್ತಿದ್ದ; ಅದನ್ನೂ ಕೇಳಲಿಲ್ಲ.
ಅವನಿಗೆ ಹೇಳಿದೆ: ಇಳಿದಳು ಕಣೋ,
ಮೊಣಕಾಲು ಹೋಯಿತು, ಸೊಂಟ ಹೋಯಿತು,
ದೋಣಿಗಳನ್ನೆಲ್ಲ ದಡಕ್ಕೆ ತಳ್ಳಿದಳು.
ಇಳಿಯುವ ಮುಂಚೆ ಎಡಗೈ ಮುರಿದು
ಬಂಡೆಯ ಮೇಲೆ ಇಟ್ಟಿದ್ದಳು,
ಬದುಕಿ ಬಂದವರ ಮೀನು ಕೆಡಬಾರದಲ್ಲ, ಉಪ್ಪಿಗೆ.
ಮೂಗು ಒರೆಸಿಕೊಂಡು ಕೇಳಿದ: ಎಡಗೈಯೇ ಯಾಕೆ?
ತಳ್ಳಲಿಕ್ಕೆ ಬಲಗೈ ಬೇಡವೇನೋ, ಪೆದ್ದ.

ಹೋದ ತಿಂಗಳು ಸಿನಿಮಾ ಬಂತು.
ಮೊಮ್ಮಗಳು ಲಿಗಾಯಾ ಸ್ವೆಟರು ಹೊದಿಸಿ ಕರೆದೊಯ್ದಳು,
ಆ ಮಾಲಿನ ಚಳಿಯಲ್ಲಿ ಮೀನು ವಾರಗಟ್ಟಲೆ ಕೆಡುವುದಿಲ್ಲ.
ಎರಡು ಗಂಟೆ ಏನೇನೋ ಹಾರಿತು, ಸಿಡಿಯಿತು.
ಕೊನೆಗೆ ಬಂಡೆ. ಬಂಡೆಯ ಮೇಲೆ ಎಡಗೈ.
ಪರದೆಯ ಮೇಲೊಂದು ಮಗು ಕೇಳಿತು, ಎಡಗೈಯೇ ಯಾಕೆ?
ಯಾರೋ ಅಂದರು, ಪೆದ್ದ.
ಸುತ್ತ ಎಲ್ಲರ ಮೂಗಿನಲ್ಲೂ ನೀರು.
ನಾನೊಬ್ಬಳೇ ಕತ್ತಲಲ್ಲಿ
ಐವತ್ತನಾಲ್ಕು ವರ್ಷದ ಬಡ್ಡಿ ಎಣಿಸುತ್ತಿದ್ದೆ.
ಉಪ್ಪಿನ ಋಣ ಯಾರದು, ಯಾರಿಗೆ?
ಲೆಕ್ಕ ಹತ್ತಲಿಲ್ಲ.

"ಮೂಲಕ್ಕೆ ಅಪಚಾರ!" ವೈದ್ಯರು ಹಲ್ಲು ಕಡಿಯುತ್ತಾರೆ.
ಹರಾಜಿನಲ್ಲಿ ಹಿಡಿದ ಪೂರ್ಣ ಪ್ರತಿಯ
ಕೊನೆಯ ಹಾಳೆಯನ್ನು ಚಿಮಟಿಗೆಯಲ್ಲಿ ತೆರೆದು ತೋರಿಸುತ್ತಾರೆ:
ಮಳೆ ನಿಂತಿದೆ. ಸೈನಿಕನೊಬ್ಬ ಕೊಡೆ ಹಿಡಿದಿದ್ದಾನೆ.
ಅವಳು ಅವನನ್ನು ಮದುವೆಯಾಗಿ ಸಾರು ಕುದಿಸುತ್ತಿದ್ದಾಳೆ.

ಅಯ್ಯೋ, ಇಷ್ಟೇನಾ.

ಬರ್ಗರ್ ಅಂಗಡಿಯಲ್ಲಿ ಈಗ ಅವಳ ಬೊಂಬೆ ಕೊಡುತ್ತಾರೆ,
ಬೆನ್ನು ಒತ್ತಿದರೆ ಎಡಗೈ ಕಳಚುತ್ತದೆ.
ಲಿಗಾಯಾಳ ಮಗ ಒಂದೇ ದಿನದಲ್ಲಿ ಕಳೆದ ಆ ಕೈ
ನನ್ನ ಚಪ್ಪಲಿಯಲ್ಲಿ ಚುಚ್ಚಿತು.
ಕೈಯಿಲ್ಲದಿದ್ದರೆ ಬೊಂಬೆಗೆ ಮೂರು ಕಾಸಿಲ್ಲವಂತೆ.
ನನ್ನ ಇಪ್ಪತ್ತೆರಡನ್ನೂ ಅವರೇ ಬದಿಗೆ ಸರಿಸಿದರು:
"ಇದು ಅಪೂರ್ಣ, ಆಲಿಂಗ್ ಪ್ರೋಸಿಂಗ್."
ಉಳಿದದ್ದೆಲ್ಲ ಕೊಟ್ಟೆ. ದುಡ್ಡು ಎಣಿಸಿಕೊಂಡೆ.

ಆ ಗುಂಡಿಯೇ?
ಅವತ್ತು ಸಂಜೆ ಡಬ್ಬಿ ಸುರುವಿದ ಅಮ್ಮ
ನನ್ನ ಕೆನ್ನೆಗೆ ಒಂದು ಬಿಟ್ಟು
ಅದನ್ನು ನನ್ನ ಶಾಲೆಯ ಅಂಗಿಗೇ ಹೊಲಿದಳು.
ಅಲ್ಲೊಂದು ಉದುರಿತ್ತು.
ಎರಡು ವರ್ಷ ತೊಟ್ಟೆ.