ಅಳತೆ

ಶುಕ್ರವಾರದ ಸಂತೆ ಮುಗಿದ ಮೇಲೆ ಮಾಪ್ಸಾದಲ್ಲಿ
ಒಣಮೀನಿನ ವಾಸನೆಯೊಂದೇ ಮನೆಗೆ ಹೋಗುವುದಿಲ್ಲ.
ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡು
ನಾನು ಅಟ್ಟೆಗೆ ಅಟ್ಟೆ ಸೇರಿಸಿ ಹೊಲಿಯುತ್ತೇನೆ,
ಶಿವಲೀಲಾ ರಬ್ಬರ್ ಚಪ್ಪಲಿಗಳ ಗುಡ್ಡೆಗೆ ಒರಗಿ
ಮೊಬೈಲಿನಲ್ಲಿ ಆ ಜಪಾನಿ ಚಿತ್ರ ನೋಡುತ್ತಾಳೆ.

ಕೈಯಲ್ಲಿ ಬರೆದು, ಬಣ್ಣ ಹಚ್ಚಿ, ನಡೆಸಿದ ಚಿತ್ರ.
ಬಡಿದಾಟವಿಲ್ಲ. ಯಾರೂ ಹಾರುವುದಿಲ್ಲ.
ಒಬ್ಬ ಹೆಂಗಸು, ಭುಜದ ಮೇಲೆ ಗಂಟುಗಂಟಿನ ಹಗ್ಗ,
ಊರೂರಿಗೆ ಹೋಗಿ ಬಾವಿಯ ಆಳ ಅಳೆಯುತ್ತಾಳೆ.
ಬಾವಿಯಲ್ಲಿ ಏನೋ ಇರುತ್ತದೆ:
ಒಮ್ಮೆ ಸತ್ತ ಹೊಳೆಯ ಸದ್ದು,
ಒಮ್ಮೆ ಮಗುವಿನ ನೆರಳನ್ನು ಕುಡಿದ ಪಾಚಿ.
ಅವಳು ಅದನ್ನು ಕೊಲ್ಲುವುದಿಲ್ಲ, ಕೈಮುಗಿಯುವುದೂ ಇಲ್ಲ.
ಎಷ್ಟು ಮೊಳ ಎಂದು ಊರವರಿಗೆ ಹೇಳಿ
ಕೊಟ್ಟ ಗಂಜಿ ಕುಡಿದು ಎದ್ದು ಹೋಗುತ್ತಾಳೆ.

"ಅಷ್ಟಽ?" ಅಂದೆ ಮೊದಲ ದಿನ.
"ಅಷ್ಟಽ ಅಪ್ಪಾ," ಅಂದಳು, ಕಣ್ಣು ತೆಗೆಯದೆ.
ನಡುನಡುವೆ ಎರಡು ನಿಮಿಷ ಬರೀ ಎಲೆ ಅಲುಗುತ್ತದೆ.
ರೀಚಾರ್ಜಿಗೆ ದುಡ್ಡು ಕೊಟ್ಟು ಎಲೆ ನೋಡುವುದೇ ಎಂದು
ನಗು ಬಂತು; ಆದರೆ ಆರಿ ಹಿಡಿದ ಕೈ
ಆ ಎರಡು ನಿಮಿಷ ನಿಂತೇ ಇತ್ತು.

ಡಿಚೋಲಿ ಕಡೆಯ ಜಾನು ಗಾಂವಕರ ವರ್ಷಕ್ಕೊಮ್ಮೆ ಬರುತ್ತಾನೆ
ರಾಖಣದಾರನಿಗೆ ಜೋಡು ಹೊಲಿಸಲು.
ಊರ ಸೀಮೆ ಕಾಯುವವನು, ರಾತ್ರಿ ನಡೆಯುವವನು,
ಆಲದ ಬುಡದಲ್ಲಿ ರೊಟ್ಟಿ, ಬೀಡಿ, ತುಸು ಸೆರೆ
ಇಟ್ಟರೆ ಸಾಕು ಅವನಿಗೆ.
ಹನ್ನೊಂದು ವರ್ಷದ ಹಿಂದೆ, ಅಥಣಿಯಿಂದ ಆಗಷ್ಟೇ ಬಂದವನು,
"ಅಳತಿ ಕೊಡ್ರಿ" ಅಂದಿದ್ದೆ.
ಗಾಂವಕರ ಗಾಳಿಯ ಕಡೆ ಕೈ ತೋರಿಸಿದ.
ನನ್ನದೇ ಪಾದ ತೊಗಲಿನ ಮೇಲಿಟ್ಟು ಗೆರೆ ಎಳೆದು
ಒಂದು ಬೆರಳು ಹೆಚ್ಚಿಗೆ ಕತ್ತರಿಸಿದೆ.
ಅಂದಿನಿಂದ ಅದೇ ಅಳತೆ.

ಈ ಸಲ ಹಳೇ ಜೋಡನ್ನೂ ತಂದಿದ್ದ, ಗೋಣಿಚೀಲದಲ್ಲಿ.
"ಸವೆದಿದೆ, ನೋಡು," ಅಂದ
ಬಾಕಿ ಕೇಳಿದವನಿಗೆ ರಸೀದಿ ತೋರಿಸುವಂತೆ.

ನಂಬಿಕೆಯ ಮಾತು ನನಗೆ ಗೊತ್ತಾಗುವುದಿಲ್ಲ.
ಅಟ್ಟೆ ಓದಬಲ್ಲೆ.
ಹಿಮ್ಮಡಿಯ ಸವೆತ ನೋಡಿಯೇ
ಯಾರ ಮನೆಯಲ್ಲಿ ಜಗಳ ಎಂದು ಹೇಳುತ್ತಿದ್ದ ನನ್ನಪ್ಪ.

ಗಾಂವಕರನೇ ಮೆಟ್ಟಿಕೊಂಡು ತಿರುಗಿರಬೇಕು ಎಂದುಕೊಂಡೆ.
ಆದರೆ ಅವನದು ಒಳಗಾಲಿನ ನಡಿಗೆ,
ಹೆಬ್ಬೆರಳ ಬುಡದಲ್ಲಿ ತೂತು ಬೀಳುತ್ತದೆ,
ತೇಪೆ ಹಾಕುವವನು ನಾನೇ.
ಇದು ಹೊರಗೆ ಸವೆದಿದೆ. ಎಡಗಾಲು ಹೆಚ್ಚು.
ಹೊಲಿಗೆಯ ಸಂದಿಯಲ್ಲಿ ಖಾಜನ್ ಗದ್ದೆಯ ಉಪ್ಪುಕೆಸರು,
ಅದರ ಮೇಲೆ ಗಣಿಯ ಕೆಂಪು ಧೂಳು,
ಅದರ ಮೇಲೆ, ಇನ್ನೂ ಅಂಟಂಟು, ಹೊಸ ಹೈವೇಯ ಡಾಂಬರು.
ಒಂದೇ ಕಡೆ ತಿರುಗಿ ತಿರುಗಿ ನಿಂತ ಗುರುತು,
ಚಾವಿ ಎಲ್ಲಿಟ್ಟೆನೆಂದು ಮರೆತವರು
ಕತ್ತಲ ಮನೆಯೊಳಗೆ ಓಡಾಡುವಂತೆ.

ಸೀಮೆಕಲ್ಲು ಎಲ್ಲಿದೆ ಈಗ, ಎಂದು ಕೇಳಿದೆ.
"ರಸ್ತೆ ಅಗಲ ಮಾಡುವಾಗ ಕಿತ್ತರು," ಅಂದ ಗಾಂವಕರ.
"ಪಂಚಾಯತಿಯ ಹಿತ್ತಲಲ್ಲಿ ಬಿದ್ದಿದೆ.
ಮಳೆ ಮುಗಿಯಲಿ, ನೋಡೋಣ."
ಮುಂಗಡ ಇನ್ನೂರು ಕೊಟ್ಟು ಬಸ್ಸಿಗೆ ಓಡಿದ.

ರಾತ್ರಿ ಎಮ್ಮೆಯ ತೊಗಲು ನೆನೆಹಾಕಿದೆ.
ಎಡ ಹಿಮ್ಮಡಿಯ ಜಾಗದಲ್ಲಿ, ಎರಡು ಅಟ್ಟೆಯ ನಡುವೆ,
ಕಣ್ಣಿಗೆ ಕಾಣದಂತೆ
ಒಂದು ತುಂಡು ಹೆಚ್ಚಿಗೆ ಇಟ್ಟು ಹೊಲಿದೆ.
ಅದಕ್ಕೆ ದುಡ್ಡು ಹಿಡಿಯಲಿಲ್ಲ.

ಶಿವಲೀಲಾ ತಲೆ ಎತ್ತಿದಳು.
ಪರದೆಯಲ್ಲಿ ಆ ಹೆಂಗಸು ಒದ್ದೆ ಹಗ್ಗ ಸುತ್ತಿಕೊಳ್ಳುತ್ತಿದ್ದಳು.
"ಅಪ್ಪಾ, ಅಂವ ಛಲೋ ದೇವ್ರೋ, ಕೆಟ್ಟ ದೆವ್ವೋ?"
ದಾರಕ್ಕೆ ಮೇಣ ಎಳೆಯುತ್ತ ಯೋಚಿಸಿದೆ.
"ಎಡಗಾಲು ನೋಯಾಕತ್ತೈತಿ ಅಂವಗ," ಅಂದೆ.

ಹೂಂ ಅಂದು
ಅವಳು ಮತ್ತೆ ಎಲೆ ನೋಡತೊಡಗಿದಳು.